ಎಲ್ಲರಿಗೂ ಒಂದೇ ಕೊಸರು

ಅಜ್ಜೀಪುರ, ಹನೂರು ತಾಲ್ಲೂಕು
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಯಜಮಾನರಿಗೆ,

ನಿಮ್ಮ ಕುಸುಮ ಮಾಡುವ ನಮಸ್ಕಾರ. ಮೊದಲು ನಿಮ್ಮ ಮೈಯ ವಿಚಾರ. ಹೋದ ತಿಂಗಳು ಬಂದಿದ್ದ ಆ ಚಳಿಜ್ವರ ಪೂರ್ತಿ ಬಿಟ್ಟಿತೋ, ಇಲ್ಲ ನಾವು ಗಾಬರಿಯಾಗುತ್ತೇವೆಂದು ಬಿಟ್ಟಿತು ಎಂದಿರೋ? ಫೋಟೋದಲ್ಲಿ ನಿಮ್ಮ ಕೆನ್ನೆ ಒಳಗೆ ಹೋಗಿದೆ. ಬಿಸಿಲಿಗೆ ಹಾಗೆ ಕಾಣುತ್ತದೆ ಎಂದು ಹೇಳಬೇಡಿ, ಬಿಸಿಲು ನಮ್ಮ ಹನೂರಿನಲ್ಲೂ ಇದೆ. ಬೋರ್‌ವೆಲ್ ಲಾರಿಯ ಸದ್ದಿಗೆ ಕಿವಿಯಲ್ಲಿ ಹತ್ತಿ ಇಟ್ಟುಕೊಳ್ಳಿ ಎಂದು ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿದೆ. ಈಚೆಗೆ ನಾನು ಮೆಲ್ಲಗೆ ಮಾತಾಡಿದರೆ "ಏನು? ಏನು?" ಎನ್ನುತ್ತೀರಿ. ಗಂಡನ ಕಿವಿ ಮಂದವಾದರೆ ಹೆಂಡತಿ ಗುಟ್ಟಿನ ಮಾತನ್ನು ಯಾರ ಹತ್ತಿರ ಆಡಬೇಕು? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅತ್ತೆಯ ಮಂಡಿನೋವು ಇದ್ದಂತೆಯೇ ಇದೆ, ಅವರ ಬಾಯಿಯೂ ಇದ್ದಂತೆಯೇ ಇದೆ.

ಫೋನು ಇರುವಾಗ ಕಾಗದ ಏಕೆ ಬರೆದಳು ಎಂದು ನಗಬೇಡಿ. ನಿಮ್ಮ ಫೋನು ಬಂದರೆ ನಮ್ಮ ಮನೆಯಲ್ಲಿ ಏನಾಗುತ್ತದೆ ಎಂದು ನಿಮಗೆ ಗೊತ್ತಿಲ್ಲ. ಅತ್ತೆ "ಜೋರಾಗಿ ಕೇಳಂಗೆ ಮಾಡಮ್ಮಿ" ಎಂದು ಸ್ಪೀಕರ್ ಹಾಕಿಸುತ್ತಾರೆ. ಅಷ್ಟರಲ್ಲಿ ಪಕ್ಕದ ಮನೆಯ ಕೆಂಪಾಜಮ್ಮ ಸಕ್ಕರೆ ಕೇಳುವ ನೆಪದಲ್ಲಿ ಬಂದು ನಿಲ್ಲುತ್ತಾರೆ. ದೀಪ ಫೋನು ಕಿತ್ತುಕೊಂಡು ಅಲ್ಲಿ ಆನೆ ಕಂಡಿತಾ ಎಂದು ಕೇಳುತ್ತಾಳೆ. ಆನೆ ಹಿಂದಿನ ವಾರವಷ್ಟೇ ನಮ್ಮ ಜೋಳದ ಹೊಲಕ್ಕೆ ಬಂದು ಉಂಡು ಹೋಗಿದೆ, ಆದರೂ ನಿಮ್ಮ ಮಗಳಿಗೆ ಆಫ್ರಿಕಾದ ಆನೆಯೇ ಬೇಕು. ಎಲ್ಲರೂ ಮಾತಾಡಿ ಮುಗಿಸಿ ಫೋನು ನನ್ನ ಕೈಗೆ ಬರುವಾಗ ನಿಮ್ಮ ಮೇಸ್ತ್ರಿ ನಿಮ್ಮನ್ನು ಕರೆದಿರುತ್ತಾನೆ. ಹನೂರಿನ ಮಲ್ಲಿಕಾರ್ಜುನಸ್ವಾಮಿ ಅಣ್ಣ ರಜ ಮುಗಿಸಿ ಇವತ್ತು ಸಂಜೆ ಹೊರಡುತ್ತಾರೆ, ನಿಮ್ಮ ಲಾರಿಗೇ ಬರುತ್ತಾರೆ. ಅವರ ಬ್ಯಾಗಿನಲ್ಲಿ ಸ್ವಲ್ಪ ಜಾಗ ಕೇಳಿದ್ದೇನೆ. ಮಾವಿನಕಾಯಿ ಉಪ್ಪಿನಕಾಯಿ, ಒಂದು ಚೀಲ ಹುರಿಹಿಟ್ಟು, ಮತ್ತು ಈ ಕಾಗದ. ಉಪ್ಪಿನಕಾಯಿಯನ್ನು ಎಲ್ಲರಿಗೂ ಹಂಚಿ, ಕಾಗದವನ್ನು ನೀವೊಬ್ಬರೇ ಓದಿ.

ನೀವು ಕೇಳಿದ್ದನ್ನು ನಾನು ಮರೆತಿಲ್ಲ. "ಕಂಪನಿಯೋರು ಇನ್ನೆರಡು ವರ್ಸಕ್ಕೆ ಸೈನ್ ಆಕು ಅಂತಾವ್ರೆ ಕುಸುಮ. ತಿಂಗ್ಳ ಕೊನೇಲಿ ಪೇಪರ್ ತತ್ತಾರೆ. ಏನಂತೀಯ?" ಎಂದಿರಿ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ "ಆಕ್ಬುಡು ಮಗ, ಮನೆ ತಾರ್ಸಿ ಆಗ್ಲಿ" ಎಂದುಬಿಟ್ಟರು. ನಾನು "ಹೂಂ, ನೋಡಿ" ಎಂದೆ. ನನ್ನ ದನಿ ಸಪ್ಪಗಿತ್ತು ಎಂದು ಆಮೇಲೆ ಮೆಸೇಜು ಹಾಕಿದ್ದಿರಿ. ಸಪ್ಪಗಿತ್ತು, ಸುಳ್ಳಲ್ಲ. ಏಕೆ ಎಂದು ಹೇಳಬೇಕಾದರೆ ಇಲ್ಲಿ ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಬೇಕು. ಆ ಸಹಿಯ ವಿಚಾರಕ್ಕೆ ಕೊನೆಗೆ ಬರುತ್ತೇನೆ, ಅವಸರ ಮಾಡಿ ಹಾಳೆ ತಿರುಗಿಸಬೇಡಿ.

ಮೊದಲು ನೀವು ಕೋಪಿಸಿಕೊಳ್ಳುವ ಸುದ್ದಿ. ನೀವು ಗೋಡೆ ಎಬ್ಬಿಸಿ ಬಿಟ್ಟುಹೋದ ಹೊಸ ಮನೆಯ ಹಾಲಿನಲ್ಲಿ ಈಗ ನಾವು ರಾಗಿ ಹುರಿಯುತ್ತಿದ್ದೇವೆ. ಸೋಫಾ ಇಡಬೇಕು ಎಂದಿದ್ದಿರಲ್ಲ, ಆ ಮೂಲೆಯಲ್ಲಿ ಒಲೆ ಇದೆ. ಟಿವಿ ಗೋಡೆಗೆ ಮೂಟೆ ಒರಗಿಸಿದ್ದೇವೆ. ತಾರಸಿ ಬರುವ ತನಕ ಗೋಡೆ ಮಳೆಯಲ್ಲಿ ನೆನೆದು ಹಾಳಾಗುತ್ತದೆಂದು ಸಂಘದವರೇ ಮೇಲೆ ಶೀಟು ಹೊದಿಸಿದರು, ಅದಕ್ಕೆ ಬದಲಾಗಿ ಜಾಗ ಕೊಟ್ಟೆ. ಫೋನಿನಲ್ಲಿ ವಿಡಿಯೋ ಮಾಡುವಾಗ ನಾನು ಯಾವಾಗಲೂ ಹಳೆ ಮನೆಯ ಜಗಲಿಯಲ್ಲೇ ಕೂರುತ್ತಿದ್ದದ್ದು ಅದಕ್ಕೇ. ನೀವು ಬಯ್ದುಕೊಂಡು ಮುಗಿಸಿ, ನಾನು ಮುಂದಕ್ಕೆ ಹೇಳುತ್ತೇನೆ.

ಇದು ಶುರುವಾದದ್ದು ನಿಮ್ಮ ತಾಯಿಯಿಂದಲೇ. ಹೋದ ವರ್ಷ ಕಾರ್ತಿಕದಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಿಷೆಯವರು ಎಂದಿನಂತೆ ನಮ್ಮ ಜಗಲಿಯಲ್ಲಿ ಕೂತರು. ಅತ್ತೆ ಎಂದಿನಂತೆ ನೀರು ಕೊಟ್ಟರು, ಜೊತೆಗೆ ಮನೆಗೆಂದು ಮಾಡಿದ್ದ ಹುರಿಹಿಟ್ಟಿಗೆ ಬೆಲ್ಲ ಕಲಸಿ ಒಂದೊಂದು ಉಂಡೆ ಕೊಟ್ಟರು. ಒಲೆ ಬೇಡ, ಪಾತ್ರೆ ಬೇಡ, ನೀರಿದ್ದರೆ ಸಾಕು ಹೊಟ್ಟೆ ತುಂಬುತ್ತದೆ. ನಡೆಯುವವರಿಗೆ ಇನ್ನೇನು ಬೇಕು? ವಾಪಸು ಬರುವಾಗ ಅವರೇ ಮನೆ ಹುಡುಕಿಕೊಂಡು ಬಂದು ಅಜ್ಜಿ, ಆ ಹಿಟ್ಟು ಮಾರುತ್ತೀರಾ ಎಂದು ಕೇಳಿದರು. ಅತ್ತೆಗೆ ನಾಚಿಕೆ. "ಅನ್ನ ಮಾರೋದಾ?" ಎಂದರು. ಅದೇ ಹೊತ್ತಿಗೆ ಸಕ್ಕರೆಗೆ ಬಂದಿದ್ದ ಕೆಂಪಾಜಮ್ಮ ಮಧ್ಯೆ ಬಾಯಿ ಹಾಕಿ "ಮಾರ್ತೀವಿ ಕಣಪ್ಪ, ನಾಳಿಕ್ಕೆ ಬನ್ನಿ" ಎಂದು ಹೇಳಿ ಕಳಿಸಿದರು. ಆ ನಾಳೆಯಿಂದ ಇವತ್ತಿನವರೆಗೂ ನಾವು ಕೂತಿಲ್ಲ. ಸ್ತ್ರೀಶಕ್ತಿ ಸಂಘದ ಹೆಂಗಸರೆಲ್ಲ ಸೇರಿಕೊಂಡರು. ಎಸ್‌ಎಸ್‌ಎಲ್‌ಸಿ ಪಾಸಾದವಳು, ಸಂಘದ ಲೆಕ್ಕ ಬರೆಯಬಲ್ಲವಳು ಎಂದು ನನ್ನನ್ನು ಅಧ್ಯಕ್ಷೆ ಮಾಡಿದರು. ಯಳಂದೂರಿನಲ್ಲಿ ಗಣಿತಕ್ಕೆ ನನಗೆ ಎಷ್ಟು ನಂಬರು ಬಂದಿತ್ತು ಎಂದು ನೀವು ಯಾರಿಗೂ ಹೇಳಬೇಡಿ.

ಕೆಲಸ ಹೀಗೆ. ಹಿಂದಿನ ದಿನವೇ ರಾಗಿಗೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಡುತ್ತೇವೆ. ಬೆಳಿಗ್ಗೆ ಬಾಂಡ್ಲಿಯಲ್ಲಿ ಮರಳು ಕಾಯಿಸಿ ಒಂದೊಂದು ಹಿಡಿ ಹಾಕಿದರೆ ಮಲ್ಲಿಗೆ ಮೊಗ್ಗಿನಂತೆ ಅರಳುತ್ತದೆ. ಜರಡಿಯಲ್ಲಿ ಮರಳು ಬಿಡಿಸಿ, ಮಿಲ್ಲಿಗೆ ಒಯ್ದು ಬೀಸಿಸಿ, ತೂಕ ಮಾಡಿ ಪೊಟ್ಟಣಕ್ಕೆ ತುಂಬಿ ಬಾಯಿ ಅಂಟಿಸುತ್ತೇವೆ. ಅಂಟಿಸುವ ಮಿಷನ್ನು ಕರೆಂಟಿನದು. ಕರೆಂಟು ಹೋದರೆ ಎಲ್ಲರೂ ಕಾಲು ಚಾಚಿ ಊರಿನವರನ್ನೆಲ್ಲ ಆಡಿಕೊಳ್ಳುತ್ತೇವೆ, ಬಂದ ಕೂಡಲೇ ಸಾಧುಗಳಾಗುತ್ತೇವೆ.

ತೊಂದರೆ ಬಂದದ್ದು ತೂಕದ ಹತ್ತಿರ. ನಿಮ್ಮ ತಾಯಿಯ ಕೈ ನಿಮಗೆ ಗೊತ್ತಲ್ಲ. ತಕ್ಕಡಿ ಸರಿಯಾಗಿ ನಿಂತ ಮೇಲೂ ಒಂದು ಹಿಡಿ ಕೊಸರು ಬೀಳದೆ ಅವರ ಕೈ ಹಿಂದಕ್ಕೆ ಬರುವುದಿಲ್ಲ. "ಅಳ್ದು ಕೊಟ್ಟು ಬರಿಗೈ ಎತ್ತುದ್ರೆ ಮನೆಗೆ ಒಳ್ಳೇದಲ್ಲ ಕಣಮ್ಮಿ" ಎನ್ನುತ್ತಾರೆ. ಅವರದು ಹಿಡಿ ಕೊಸರಾದರೆ ಕೆಂಪಾಜಮ್ಮನದು ಚಿಟಿಕೆ ಕೊಸರು. ಉಳಿದವರದು ಅವರವರ ಮನಸ್ಸು ಬಂದಂತೆ. ಬೆಳಿಗ್ಗೆ ಗಂಡನ ಜೊತೆ ಜಗಳವಾಡಿ ಬಂದಿದ್ದರೆ ಕಡಿಮೆ, ತವರಿನಿಂದ ಫೋನು ಬಂದಿದ್ದರೆ ಜಾಸ್ತಿ. ನಾನೊಬ್ಬಳೇ ತಕ್ಕಡಿ ನೂರು ಗ್ರಾಂ ತೋರಿಸಿದ ಕೂಡಲೇ ಕೈ ನಿಲ್ಲಿಸುವವಳು. ಅದಕ್ಕೆ ಅತ್ತೆ ನನ್ನನ್ನು ಕಂಜೂಸು ಎಂದು ಸಂಘದ ಮುಂದೆಯೇ ಕರೆದರು. ನೀವು ಒಮ್ಮೆ ಹೇಳಿದ್ದಿರಿ, ಅಲ್ಲಿ ಉಗಾಂಡದಲ್ಲಿ ನೀವು ಬೋರ್ ಕೊರೆದ ಊರಿನ ಹೆಂಗಸರು ಕಡಲೆಕಾಯಿ ಅರೆದು ರಸ್ತೆಬದಿ ಮಾರುತ್ತಾರೆ, ಡಬ್ಬಿ ತುಂಬಿದ ಮೇಲೂ ಮೇಲೊಂದು ಚಮಚ ಹಾಕುತ್ತಾರೆ, ಅದಕ್ಕೆ ಅವರ ಮಾತಿನಲ್ಲೂ ಒಂದು ಹೆಸರಿದೆ ಎಂದು. ಅದನ್ನು ಅತ್ತೆಗೆ ಹೇಳಿದ್ದೇ ತಪ್ಪಾಯಿತು. "ನೋಡ್ದಾ? ಅಲ್ಲೂ ನಮ್ಮಂತೋರೇ ಅವ್ರೆ. ನೀನೊಬ್ಳೇ ಎಲ್ಲಿಂದ ಬಂದ್ಯೋ" ಎಂದರು.

ಪರಿಷೆಯವರಿಗೆ ಮಾರುವಾಗ ಇದರಿಂದ ಏನೂ ಆಗಲಿಲ್ಲ. ಆಮೇಲೆ ಕೊಳ್ಳೇಗಾಲದಿಂದ ಕವಿತ ಎನ್ನುವವರು ಬಂದರು. ಅವರದೊಂದು ಸಂಸ್ಥೆ. ನಮ್ಮಂತಹ ಸಣ್ಣ ಸಣ್ಣ ಸಂಘಗಳು ಮಾಡಿದ ತಿಂಡಿಯನ್ನು ಕೊಂಡು ಬಿಳಿಗಿರಿರಂಗನ ಬೆಟ್ಟದ ಕೆಳಗಿನ ಸೋಲಿಗರ ಪೋಡುಗಳ ಮಕ್ಕಳಿಗೆ ಬೆಳಿಗ್ಗೆ ಶಾಲೆಯಲ್ಲಿ ಕೊಡುತ್ತಾರೆ. ಮಗುವಿಗೆ ಒಂದು ಪೊಟ್ಟಣ. ನಮ್ಮ ಹಿಟ್ಟನ್ನು ತಿಂದು ನೋಡಿ, ವರ್ಷಪೂರ್ತಿ ನಿಮ್ಮಿಂದಲೇ ತಗೊಳ್ತೀವಿ, ಮೊದಲ ಲಾಟು ಸರಿಯಾಗಿ ಬರಲಿ ಎಂದರು. ವರ್ಷಪೂರ್ತಿ ಎನ್ನುವ ಮಾತು ನಮ್ಮ ಸಂಘಕ್ಕೆ ಎಂಥದ್ದು ಎಂದು ನಿಮಗೆ ಹೇಗೆ ಹೇಳಲಿ. ಪರಿಷೆ ಕಾರ್ತಿಕಕ್ಕೆ ಬರುತ್ತದೆ, ಹಬ್ಬಕ್ಕೆ ಬರುತ್ತದೆ, ಹೋಗುತ್ತದೆ. ಇದು ಹಾಗಲ್ಲ. ನಾವು ಹೊಸ ಸೀರೆ ಉಟ್ಟುಕೊಂಡು ಬಾಕ್ಸುಗಳಿಗೆ ಕುಂಕುಮ ಇಟ್ಟು ಬಸ್ಸಿಗೆ ಹಾಕಿ ಕಳಿಸಿದೆವು.

ಮೂರನೇ ದಿನಕ್ಕೆ ಎಲ್ಲ ಬಾಕ್ಸೂ ವಾಪಸು ಬಂದವು, ಜೊತೆಗೆ ಕವಿತ ಮೇಡಂ ಕೂಡ ಬಂದರು. ಪಾಪ, ಅವರ ಮುಖ ನಮಗಿಂತ ಬಾಡಿತ್ತು. "ಅಮ್ಮ, ಒಂದೊಂದು ಪೊಟ್ಟಣ ಒಂದೊಂದು ತೂಕ ಇದೆ. ಹೀಗಿದ್ರೆ ನಾವು ಹಂಚೋಕಾಗಲ್ಲ" ಎಂದರು. ಅತ್ತೆ ಎದ್ದು ನಿಂತರು. "ಕಮ್ಮಿ ಅದಾ?" ಕಡಿಮೆ ಒಂದೂ ಇಲ್ಲ, ಜಾಸ್ತಿ ಇವೆ ಎಂದು ಅವರು ಹೇಳಿದರು. ಅತ್ತೆಗೆ ನಂಬಲು ಆಗಲಿಲ್ಲ. "ಜಾಸ್ತಿ ಕೊಟ್ಟುದ್ಕೆ ವಾಪಸ್ ಕಳ್ಸೋರ್ನ ನಾನು ಇವತ್ತೇ ಕಂಡುದ್ದು ಕಣವ್ವ" ಎಂದು ಸೆರಗು ಕೊಡವಿ ಹೊರಗೆ ಹೋದರು. ಮುಂದಿನ ಲಾಟು ಹೀಗೆಯೇ ಬಂದರೆ ನಮ್ಮ ಕೈಯಲ್ಲಿ ಏನೂ ಇಲ್ಲ, ಬೇರೆ ಊರಿನವರನ್ನು ನೋಡಬೇಕಾಗುತ್ತದೆ ಎಂದು ಮೇಡಂ ನನಗೆ ಮೆಲ್ಲಗೆ ಹೇಳಿದರು.

ಅಂದಿನಿಂದ ಅತ್ತೆ ಕೆಲಸಕ್ಕೆ ಬರಲಿಲ್ಲ. ಹಳೆ ಮನೆಯ ಜಗಲಿಯಲ್ಲಿ ಹೊಸ ಮನೆಗೆ ಬೆನ್ನು ಹಾಕಿ ಕೂತರು. "ಕೊಸ್ರಿಲ್ದ ಯಾಪಾರ ನನ್ಗೆ ಬ್ಯಾಡ" ಎನ್ನುವುದು ಒಂದೇ ಪಲ್ಲವಿ. ಅವರು ಬರಲಿಲ್ಲವೆಂದು ಅವರ ಓರಗೆಯವರೂ ಬರಲಿಲ್ಲ. ಹಿರಿಯರು ಕೂತಲ್ಲಿ ತಾವು ಹೇಗೆ ತಕ್ಕಡಿ ಮುಟ್ಟುವುದು ಎಂದು ಕಿರಿಯರೂ ಬರಲಿಲ್ಲ. ಒಲೆ ಆರಿತು. ನಾನು ಒಬ್ಬಳೇ ಆ ಶೀಟಿನ ಕೆಳಗೆ ಕೂತು ವಾಪಸು ಬಂದ ಬಾಕ್ಸುಗಳನ್ನು ನೋಡುತ್ತಿದ್ದೆ. ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಅದೇ ವಾರ ನಿಮ್ಮ ಫೋನು ಬಂತು. ಅತ್ತೆ "ಆಕ್ಬುಡು ಮಗ" ಎಂದದ್ದು ಆ ಕೋಪದಲ್ಲಿ. ಆ ಮಾತು ಮುಗಿಸಿ "ಈ ಸಂಘ ಗಿಂಘ ನೆಚ್ಕಂಡು ಕೂತ್ರೆ ತಾರ್ಸಿ ಆದ್ದಾ?" ಎಂದೂ ಅಂದರು, ನಿಮಗೆ ಕೇಳಿಸಿತೋ ಇಲ್ಲವೋ. ಅವರು ಹೇಳಿದ್ದು ತಪ್ಪು ಎನ್ನಲು ಆ ದಿನ ನನ್ನ ಹತ್ತಿರ ಏನಿತ್ತು? ಅದಕ್ಕೇ ಹೂಂ ಎಂದೆ.

ಆಮೇಲಿನದು ಕವಿತ ಮೇಡಂ ಬುದ್ಧಿವಂತಿಕೆ. ನಮ್ಮನ್ನು ಬಿಟ್ಟು ಬೇರೆ ಊರಿಗೆ ಹೋಗಲು ಅವರಿಗೂ ಮನಸ್ಸಿರಲಿಲ್ಲ ಎಂದು ಕಾಣುತ್ತದೆ. ಅತ್ತೆಗೇ ಫೋನು ಮಾಡಿ, ಅಮ್ಮ, ವಾಪಸು ಬಂದ ಒಂದು ಬಾಕ್ಸು ತಗೊಂಡು ನೀವೇ ಬನ್ನಿ, ಮಕ್ಕಳಿಗೆ ನಿಮ್ಮ ಕೈಯಾರೆ ಕೊಡಿ ಎಂದರು. ಮಕ್ಕಳಿಗೆ ಕೈಯಾರೆ ಕೊಡುವುದು ಎಂದರೆ ನಿಮ್ಮ ತಾಯಿ ಮಂಡಿನೋವು ಮರೆತು ಏಳುತ್ತಾರೆ. ಹನೂರು, ಕೊಳ್ಳೇಗಾಲ, ಯಳಂದೂರು ಎಂದು ಬಸ್ಸು ಹತ್ತಿ ಇಳಿದು, ಬಾಕ್ಸನ್ನು ತಮ್ಮ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದರು, ಕಂಡಕ್ಟರಿಗೂ ಮುಟ್ಟಲು ಬಿಡಲಿಲ್ಲ. ಯಳಂದೂರಿನಲ್ಲಿ ನಮ್ಮ ಅಪ್ಪನ ಮನೆಗೆ ಹೋಗಿ ಕಾಫಿ ಕುಡಿದೆವು. ಬೀಗರ ಮನೆಯ ಕಾಫಿಗೆ ಸಕ್ಕರೆ ಕಡಿಮೆಯಾಯಿತು ಎಂದು ಶಾಲೆಯ ಕಡೆ ಹೋಗುವ ಜೀಪು ಹತ್ತಿದ ಮೇಲೆ ನನಗೆ ಹೇಳಿದರು. ನಮ್ಮ ಅಮ್ಮನ ಕೈಯೂ ನನ್ನಂತೆಯೇ ಅಂತೆ.

ಶಾಲೆ ಬೆಟ್ಟದ ಬುಡದಲ್ಲಿದೆ. ಮಕ್ಕಳು ಕೈ ತೊಳೆದು ಜಗಲಿಯಲ್ಲಿ ಎದುರುಬದುರು ಎರಡು ಸಾಲು ಕೂತಿದ್ದರು. ಟೀಚರು ಒಂದೊಂದು ಅಚ್ಚು ಬೆಲ್ಲ, ಒಂದೊಂದು ಲೋಟ ಹಾಲು ಇಟ್ಟುಕೊಂಡು ಬಂದರು. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮದುವೆಮನೆಯಲ್ಲಿ ಬಡಿಸುವವರಂತೆ ಪೊಟ್ಟಣ ಕೊಡುತ್ತ ಹೋದರು, ಪ್ರತಿ ಮಗುವಿನ ಹೆಸರು ಕೇಳುತ್ತ, ಗಲ್ಲ ಹಿಡಿಯುತ್ತ. ಸಾಲಿನ ಕೊನೆಯಲ್ಲಿ ಎರಡು ಜಡೆ ಹಾಕಿದ ಒಂದು ಹುಡುಗಿ, ನಮ್ಮ ದೀಪಳಷ್ಟೇ ಇರಬಹುದು. ತನ್ನ ಪೊಟ್ಟಣವನ್ನು ಒಂದು ಕೈಯಲ್ಲಿ, ಪಕ್ಕದವಳದ್ದನ್ನು ಇನ್ನೊಂದು ಕೈಯಲ್ಲಿ ಹಿಡಿದು ನೋಡಿದಳು. ಪಕ್ಕದವಳದ್ದು ಉಬ್ಬಿತ್ತು, ಇವಳದ್ದು ಸೊರಗಿತ್ತು. ಅವಳದ್ದನ್ನು ಅವಳಿಗೆ ಕೊಟ್ಟು, ತನ್ನದನ್ನು ಬಿಚ್ಚದೆ ತಟ್ಟೆಯ ಕೆಳಗೆ ಸೇರಿಸಿಬಿಟ್ಟಳು. ಅತ್ತೆ ಹತ್ತಿರ ಹೋಗಿ ಬಗ್ಗಿ "ಯಾಕವ್ವ, ತಿನ್ನಲ್ವ?" ಎಂದರು. ಆ ಮಗು ತಲೆ ಎತ್ತದೆ ಕೇಳಿತು, "ನಾನು ಒಸುಬ್ಳು ಅಂತ ಕಮ್ಮಿ ಕೊಟ್ರಾ ಅಜ್ಜಿ?"

ಆ ಮಗು ಶಾಲೆಗೆ ಸೇರಿ ಒಂದು ವಾರವಾಗಿತ್ತಂತೆ. ಆ ಪೊಟ್ಟಣ ನಾನು ತುಂಬಿದ್ದು, ಬಾಯಿ ಮಡಿಸಿದ ರೀತಿಯಲ್ಲೇ ನನಗೆ ಗೊತ್ತಾಯಿತು, ಅತ್ತೆಗೂ ಗೊತ್ತಾಯಿತು. ನನ್ನ ಕಡೆ ತಿರುಗಿ ಒಂದು ನೋಟ ನೋಡಿದರು, ಈಗ ಎಲ್ಲರ ಮುಂದೆ ನನ್ನ ಮಾನ ಕಳೆಯುತ್ತಾರೆ ಎಂದುಕೊಂಡೆ. ಕಳೆಯಲಿಲ್ಲ. ಬಾಕ್ಸಿನಿಂದ ಇನ್ನೊಂದು ಪೊಟ್ಟಣ ತೆಗೆದು, ಬಿಚ್ಚಿ ಆ ಮಗುವಿನ ತಟ್ಟೆಗೆ ಸುರಿದರು. ಆಗ ಎದುರಿನ ಸಾಲಿನ ಹುಡುಗ ನೋಡಿದ. ಅವನ ತಟ್ಟೆಗೂ ಸುರಿದರು. ಅವನ ಪಕ್ಕದವನು ನೋಡಿದ. ಒಬ್ಬರಿಗೆ ಸರಿ ಮಾಡಲು ಹೋದರೆ ಇನ್ನೊಬ್ಬರಿಗೆ ಕಡಿಮೆಯಾಗುತ್ತಿತ್ತು. ಬಾಕ್ಸು ಬರಿದಾದರೂ ಸಾಲು ಸಮವಾಗಲಿಲ್ಲ. ನಿಮ್ಮ ತಾಯಿ ಖಾಲಿ ಬಾಕ್ಸು ಹಿಡಿದು ಆ ಜಗಲಿಯ ಮಧ್ಯೆ ನಿಂತುಬಿಟ್ಟರು. ಅವರ ಮೇಲಿದ್ದ ನನ್ನ ಕೋಪವೆಲ್ಲ ಅಲ್ಲೇ ಇಳಿದುಹೋಯಿತು.

ವಾಪಸು ಬರುವಾಗ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಹನೂರಿನ ಬಸ್ಸಿಗೆ ಕಾಯುತ್ತಿದ್ದಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. ನಾನು ಮದುವೆಯಾಗಿ ಬಂದ ಮೇಲೆ ಅವರು ನನ್ನ ಕೈ ಹಿಡಿದದ್ದು ನನಗೆ ನೆನಪಿಲ್ಲ. "ಕೈ ತುಂಬ ಕೊಟ್ಟೆ ಅನ್ಕಂಡಿದ್ದೆ ಕಣಮ್ಮಿ. ಪಂತೀಲಿ ಬ್ಯಾದ ಮಾಡ್ಬುಟ್ನಲ್ಲ" ಎಂದರು. ಮನೆ ಬಾಗಿಲಿಗೆ ಬಂದು ಒಬ್ಬರೇ ಕೊಳ್ಳುವಾಗ ಕೊಸರು ಹಾಕುವುದು ಬೇರೆ, ಸಾಲಾಗಿ ಕೂತವರಿಗೆ ಬಡಿಸುವುದು ಬೇರೆ. ಊಟದ ಪಂಕ್ತಿಯಲ್ಲಿ ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಿಮೆ ಬಡಿಸಿದವರನ್ನು ನಮ್ಮೂರಿನಲ್ಲಿ ಎಷ್ಟು ವರ್ಷ ಆಡಿಕೊಳ್ಳುತ್ತಾರೆ ಎಂದು ನಿಮಗೂ ಗೊತ್ತು. ಆ ಮಕ್ಕಳು ಕೂರುವ ಸಾಲು ಇಲ್ಲಿ ನಮ್ಮ ಒಲೆಯ ಹತ್ತಿರ ಕಾಣುವುದಿಲ್ಲ, ಅಷ್ಟೇ. ನಾನೂ ತಲೆ ಎತ್ತಿಕೊಂಡು ಬರಲಿಲ್ಲ. ನನ್ನ ತೂಕ ಸರಿಯಿತ್ತು, ಆದರೂ ಆ ಮಗುವಿನ ಕೈಯಲ್ಲಿ ಇದ್ದದ್ದು ನನ್ನ ಪೊಟ್ಟಣವೇ ತಾನೇ.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ತಕ್ಕಡಿ ಮುಂದೆ ಕೂತವರು ಅತ್ತೆಯೇ. ಕೊಸರು ಬಿಟ್ಟರು ಎಂದುಕೊಂಡಿರಾ? ನಿಮ್ಮ ತಾಯಿಯನ್ನು ನೀವು ಮರೆತಿದ್ದೀರಿ ಹಾಗಾದರೆ. ಮನೆಯಿಂದ ತುಪ್ಪದ ಮಿಳ್ಳೆ ತಂದಿದ್ದರು. ತೂಕವಾದ ಮೇಲೆ ಎಲ್ಲರೂ ಈ ಮಿಳ್ಳೆಯಲ್ಲೇ ಒಂದು ಸಲ ಹಾಕಬೇಕು, ಹಿಡಿಯೂ ಇಲ್ಲ, ಚಿಟಿಕೆಯೂ ಇಲ್ಲ, ಕುಸುಮನ ಕಂಜೂಸುತನವೂ ಇಲ್ಲ. "ಎಲ್ರಿಗೂ ಒಂದೇ ಕೊಸ್ರು" ಎಂದು ತೀರ್ಪು ಕೊಟ್ಟರು. ಕವಿತ ಮೇಡಂ ಬಂದು ಒಂದೊಂದಾಗಿ ತೂಗಿ ನೋಡಿ ಒಪ್ಪಿದರು. ಹಾಗಾದರೆ ಚೀಟಿಯ ಮೇಲೆ ಕೊಸರು ಸೇರಿಸಿ ತೂಕ ಹಾಕಿಸೋಣ ಎಂದರು. ಅದಕ್ಕೆ ಅತ್ತೆ ಸುತರಾಂ ಒಪ್ಪಲಿಲ್ಲ. "ಬರ್ದುಬುಟ್ರೆ ಅದು ಕೊಸ್ರು ಎಂಗಾದ್ದು ತಾಯಿ?" ಎಂದು ಕೇಳಿದರು. ಮೇಡಂ ನಕ್ಕು ಒಪ್ಪಿಕೊಂಡರು. ಚೀಟಿಯಲ್ಲಿ ನೂರು ಗ್ರಾಂ ಎಂದೇ ಇದೆ, ಒಳಗೆ ಮಿಳ್ಳೆಯಷ್ಟು ಹೆಚ್ಚಿಗೆ ಇದೆ, ಎಲ್ಲದರಲ್ಲೂ ಒಂದೇ ಸಮ. ಲಾಟು ಪಾಸಾಯಿತು, ವರ್ಷದ ಆರ್ಡರು ನಮ್ಮದೇ ಆಯಿತು. ಬಾಗಿಲಿಗೆ ಬರುವ ಪರಿಷೆಯವರಿಗೆ ಅತ್ತೆ ಈಗಲೂ ಹಿಡಿ ತುಂಬ ಹಾಕುತ್ತಾರೆ, ನಾನು ಆ ಕಡೆ ನೋಡುವುದಿಲ್ಲ.

ಇದರಿಂದ ಏನಾಯಿತು ಎಂದರೆ, ಕೆಂಪಾಜಮ್ಮ ಈ ವರ್ಷ ಕಾಫಿ ತೋಟಕ್ಕೆ ಹೋಗುವುದಿಲ್ಲ. ಪ್ರತಿ ವರ್ಷ ರಾಗಿ ಕೊಯ್ಲು ಮುಗಿದ ಕೂಡಲೇ ಗಂಡ, ಮಕ್ಕಳು, ಕೋಳಿ ಸಮೇತ ಮಡಿಕೇರಿ ಕಡೆ ಹೋಗಿಬಿಡುತ್ತಿದ್ದರಲ್ಲ, ಮಕ್ಕಳ ಶಾಲೆ ಅಲ್ಲಿಗೆ ನಿಂತುಹೋಗುತ್ತಿತ್ತಲ್ಲ. ಈ ಸಲ ತೋಟದ ಮೇಸ್ತ್ರಿ ಮುಂಗಡ ಹಿಡಿದು ಬಂದಾಗ ಕೆಂಪಾಜಮ್ಮ ಒಳಗಿನಿಂದಲೇ "ನಮ್ಗೇ ಆಳು ಸಾಲ್ದು, ನೀನೇ ಬತ್ತೀಯೇನಪ್ಪ?" ಎಂದು ಕೇಳಿದರು. ಅವನು ಹೋದ ದಾರಿಯನ್ನು ನೋಡಿಕೊಂಡು ನಾವೆಲ್ಲ ನಕ್ಕದ್ದೇ ನಕ್ಕದ್ದು. ಆಮೇಲೆ ಕೆಂಪಾಜಮ್ಮ ಮೂಟೆಗೆ ಒರಗಿ ಕೂತು ಸ್ವಲ್ಪ ಅತ್ತರು. ಇದೇ ಮೊದಲ ಸಲ ಮಕ್ಕಳು ಒಂದೇ ಶಾಲೆಯಲ್ಲಿ ವರ್ಷ ಮುಗಿಸುತ್ತಾರೆ ಎಂದರು. ನಮ್ಮ ದೀಪಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ನಿಮಗೆ ತೋರಿಸಬೇಕೆಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ, ಅಷ್ಟರಲ್ಲಿ ಹೊಸ ಹಲ್ಲು ಮೂಡುತ್ತಿದೆ. ಅತ್ತೆ ದಿನಾ ಸಂಜೆ ಬಸ್ಸಿನ ಸದ್ದಾದರೆ ಜಗಲಿಯಿಂದ ಕತ್ತು ಚಾಚಿ ನೋಡುತ್ತಾರೆ. ಯಾರನ್ನು ನೋಡುತ್ತೀರಿ ಎಂದರೆ ಯಾರನ್ನೂ ಇಲ್ಲ ಎನ್ನುತ್ತಾರೆ.

ಈಗ ಆ ಸಹಿಯ ವಿಚಾರ. ಅದು ನಿಮಗೇ ಬಿಟ್ಟದ್ದು. ನೀವು ತಿಳಿದವರು, ಅಲ್ಲಿಯ ಕಷ್ಟಸುಖ ಬಲ್ಲವರು, ಮನೆಗೆ ಯಾವುದು ಒಳ್ಳೆಯದು ಎಂದು ಯೋಚಿಸಿ ಹೇಗೆ ತೋಚುತ್ತದೋ ಹಾಗೆ ಮಾಡಿ. ನಾನು ಯಾವುದಕ್ಕೂ ಬೇಸರ ಮಾಡಿಕೊಳ್ಳುವವಳಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣಿ. ಕುದಿಸಿದ ನೀರು ಕುಡಿಯಿರಿ, ಸೊಳ್ಳೆಪರದೆ ಮರೆಯಬೇಡಿ. ಅತ್ತೆ ಮಾದಪ್ಪನ ಹೆಸರು ಹೇಳಿ ನಿಮ್ಮ ತಲೆ ಮುಟ್ಟಿದ್ದಾರೆ ಎಂದು ತಿಳಿಯಿರಿ. ದೀಪಳದ್ದು ಹಲ್ಲಿಲ್ಲದ ಮುತ್ತು. ನಿಮ್ಮ ಲಾರಿಯ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮವಳು,
ಕುಸುಮ

ಮರೆತ ಮಾತು: ಮಲ್ಲಿಕಾರ್ಜುನಸ್ವಾಮಿ ಅಣ್ಣ ಬಂದುಬಿಟ್ಟರು, ಕಾಫಿ ಕುಡಿಯುತ್ತಿದ್ದಾರೆ, ಅದು ಮುಗಿಯುವುದರೊಳಗೆ ಇದನ್ನು ಬರೆಯಬೇಕು. ನಿಮಗೇ ಬಿಟ್ಟದ್ದು ಎಂದು ಮೇಲೆ ಬರೆದಿದ್ದೇನಲ್ಲ, ಅದು ನಿಜವಲ್ಲ. ಹೊಡೆದುಹಾಕೋಣವೆಂದರೆ ಏನು ಬರೆದಿದ್ದಳೋ ಎಂದು ನೀವು ಬಿಸಿಲಿಗೆ ಹಿಡಿದು ನೋಡುತ್ತೀರಿ, ಅದಕ್ಕೇ ಇರಲಿ ಎಂದು ಬಿಟ್ಟೆ. ಸಹಿ ಹಾಕಬೇಡಿ. ಸಂಘ ಸಂಕ್ರಾಂತಿಗೆ ಲಗೇಜ್ ಆಟೋ ತರುತ್ತಿದೆ, ಕೊಳ್ಳೇಗಾಲಕ್ಕೂ ಬೆಟ್ಟದ ಕೆಳಗಿನ ಶಾಲೆಗಳಿಗೂ ಓಡಿಸಲು ಡ್ರೈವರು ಬೇಕು. ನಿನ್ನೆಯ ಮೀಟಿಂಗಿನಲ್ಲಿ ನಿಮ್ಮ ಹೆಸರು ಬಂತು. ಸ್ವಂತದವರ ಮಾತು ಬಂದಾಗ ಅಧ್ಯಕ್ಷೆ ಇರಬಾರದೆಂದು ನಾನು ಎದ್ದು ಹೊರಗೆ ಬಂದೆ. ಒಳಗಿನಿಂದ ಅತ್ತೆಯ ದನಿ ಕೇಳಿಸಿತು, "ಬ್ಯಾರೆ ಯಾರ್ನೂ ನೋಡ್ಬ್ಯಾಡಿ. ನನ್ ಮಗ ಬತ್ತಾನೆ. ತಾರ್ಸಿ ಯಾವತ್ತಾದ್ರೂ ಆಯ್ತದೆ." "ಆಕ್ಬುಡು" ಎಂದವರು ಅವರೇ, ಈಗ ಬಾ ಎಂದು ಫೋನಿನಲ್ಲಿ ಹೇಳಲು ಅವರಿಗೆ ನಾಚಿಕೆ. ಸಂಬಳ ಅಲ್ಲಿಯದರ ಅರ್ಧವೂ ಇಲ್ಲ, ಸಂಘದ ಹೆಂಗಸರೆಲ್ಲರ ಮಾತು ಕೇಳಬೇಕು, ನನ್ನದನ್ನು ಮೊದಲು ಕೇಳಬೇಕು. ಇಷ್ಟು ಹಾಳೆ ತುಂಬ ದೀಪ ಕಾಯುತ್ತಾಳೆ, ಅತ್ತೆ ಕಾಯುತ್ತಾರೆ ಎಂದು ಬರೆದೆ, ನನ್ನದನ್ನು ಬರೆಯಲಿಲ್ಲ. ತಾರಸಿ ಇಲ್ಲದ ಮನೆಯಲ್ಲಿ ನಾನು ಎಷ್ಟು ವರ್ಷ ಬೇಕಾದರೂ ಇರುತ್ತೇನೆ. ನೀವಿಲ್ಲದ ಮನೆಯಲ್ಲಿ ಇದ್ದು ಇದ್ದು ನನಗೆ ಸಾಕಾಗಿದೆ. ಬಂದುಬಿಡಿ.